ರಕ್ತದ ಕಿರುತಟ್ಟೆಗಳ ಲೈಸೋಸೋಮ್: ಶೋಧದ ಇತಿಹಾಸ

ಜನರು ಪ್ಲೇಟ್‌ಲೆಟ್ ಎಂದು ಕರೆಯುವ ರಕ್ತದ ಕಿರುತಟ್ಟೆಗಳು ತಮ್ಮೊಳಗೆ ಹೊತ್ತಿರುವ ಮೂರು ಬಗೆಯ ಕಣಗಳಲ್ಲಿ, ಆಮ್ಲಪ್ರಿಯ ಕಿಣ್ವಗಳ ಭಾಂಡಾರವಾದ ಲೈಸೋಸೋಮ್ ಸಂಖ್ಯೆಯಲ್ಲಿ ಅತ್ಯಲ್ಪವಾದುದು. ವಿದ್ವಾಂಸರ ಗಮನಕ್ಕೂ ಅದು ತಡವಾಗಿಯೇ ಬಂದಿತು.

ಕಿರುತಟ್ಟೆಯು ರಕ್ತದ ಸ್ವತಂತ್ರ ಘಟಕವೆಂದೂ ಗಾಯಗೊಂಡ ನಾಳದ ಭಿತ್ತಿಗೆ ಮೊದಲು ಅಂಟುವುದು ಅದೇ ಎಂದೂ 1882ರ ವೇಳೆಗೆ ಟ್ಯೂರಿನ್ನಿನ ಜೂಲಿಯೊ ಬಿಟ್ಸೊಜೆರೊ ತೋರಿಸಿಕೊಟ್ಟಿದ್ದನು. ಲೈಸೋಸೋಮಿನ ಕಥೆಯಾದರೋ ಇಲಿಯ ಯಕೃತ್ತಿನಲ್ಲಿ ಆರಂಭವಾಯಿತು. ಬೆಲ್ಜಿಯಮ್ಮಿನಲ್ಲಿ ಇನ್ಸುಲಿನ್ನಿನ ಕಾರ್ಯವನ್ನು ಅರಸುತ್ತಿದ್ದ ಕ್ರಿಸ್ಚಿಯನ್ ಡಿ ಡುವೆ, ಯಕೃತ್ತಿನ ದ್ರಾವಣವನ್ನು ಕೆಲವು ದಿನ ಶೀತದಲ್ಲಿರಿಸಿದ ಬಳಿಕ ಅದರ ಆಮ್ಲ ಫಾಸ್ಫಟೇಸ್ ಕಿಣ್ವವು ಮೊದಲಿಗಿಂತ ಚುರುಕಾದುದನ್ನು ಕಂಡು, ಅದು ಪೊರೆಯೊಂದರೊಳಗೆ ಬಂಧಿತವಾಗಿದ್ದು ಪೊರೆ ಬಿರಿದಾಗ ಹೊರಬಿದ್ದಿರಬೇಕೆಂದು ತರ್ಕಿಸಿದನು. 1955ರಲ್ಲಿ ಆ ಚೀಲಕ್ಕೆ ಲೈಸೋಸೋಮ್ ಎಂದು ಹೆಸರಿಟ್ಟನು. 1974ರ ನೊಬೆಲ್ ಪ್ರಶಸ್ತಿಯಲ್ಲಿ ಅವನೂ ಪಾಲುಗಾರನಾದನು.

ಕಿರುತಟ್ಟೆಯ ಕಣಗಳಲ್ಲಿಯೂ ಇಂಥ ಕಿಣ್ವಗಳಿವೆಯೆಂಬುದು 1966ರಲ್ಲಿ ಮಾರ್ಕಸ್ ಮತ್ತು ಸಂಗಡಿಗರ ಅಧ್ಯಯನದಿಂದ ತಿಳಿಯಿತು. ನನ್ನ ಮತದಲ್ಲಿ ಇದಕ್ಕಿಂತ ಮುಖ್ಯವಾದುದು 1970ರಲ್ಲಿ ಹೋಲ್ಮ್‌ಸೆನ್ ಮತ್ತು ಡೇ ಪ್ರಕಟಿಸಿದ ಕೆಲಸ: ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ನಿನ ಸೌಮ್ಯ ಪ್ರಚೋದನೆಗೇ ಇತರ ಕಣಗಳು ಬರಿದಾಗುವಾಗ, ಲೈಸೋಸೋಮಿನ ಕಿಣ್ವಗಳು ತೀವ್ರ ಪ್ರಚೋದನೆಗೆ ಮಾತ್ರ, ನಿಧಾನವಾಗಿ, ಅದೂ ಅಪೂರ್ಣವಾಗಿ ಹೊರಬರುತ್ತವೆ. 1982ರಲ್ಲಿ ಬೆಂಟ್‌ಫೆಲ್ಡ್-ಬಾರ್ಕರ್ ಮತ್ತು ಬೇಂಟನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅವುಗಳ ನೆಲೆಯನ್ನು ಗುರುತಿಸಿದರು.

ಆಮ್ಲದಲ್ಲಿ ಕೆಲಸಮಾಡುವ ಕಿಣ್ವ, 7.4ರ ಪಿಎಚ್‌ನ ರಕ್ತದಲ್ಲಿ ಏನು ಮಾಡೀತು ಎಂಬ ಆಕ್ಷೇಪ ಸಹಜವೇ. ಆದರೆ ಉರಿಯೂತವಿರುವ ಅಂಗಾಂಶವೂ ಹೆಪ್ಪಿನ ಒಳಭಾಗವೂ ಆಮ್ಲೀಯವಾಗಬಲ್ಲವು. ಚರ್ಮದ ಗಾಯದಿಂದ ಒಸರುವ ರಕ್ತದಲ್ಲಿ ಲೈಸೋಸೋಮಿನ ಕಿಣ್ವ ಏರುವುದನ್ನು 2000ದಲ್ಲಿ ಇಟಲಿಯ ಪೆರೂಜಿಯಾದ ಸಂಶೋಧಕರು ಅಳೆದು ತೋರಿಸಿದರು. ಈ ಕಿಣ್ವಗಳಲ್ಲಿ ಕೆಥೆಪ್ಸಿನ್‌ಗಳು ಅಂಗಾಂಶದ ಪ್ರೋಟೀನುಗಳನ್ನು ಕತ್ತರಿಸುತ್ತವೆ. ಹೆಪರನೇಸ್, ನಾಳಭಿತ್ತಿಯಲ್ಲಿದ್ದು ಹೆಪ್ಪುಗಟ್ಟುವಿಕೆಯನ್ನು ತಡೆಯುವ ಹೆಪರಾನ್ ಸಲ್ಫೇಟನ್ನು ಛೇದಿಸಿ, ಅದಕ್ಕೆ ಅಂಟಿಕೊಂಡಿದ್ದ ಉರಿಯೂತಕಾರಿಗಳನ್ನೂ ಬಿಡಿಸುತ್ತದೆ. ಹೀಗೆ ಹೆಪ್ಪುಗಟ್ಟುವಿಕೆ, ಉರಿಯೂತ ಎಂಬ ಎರಡೂ ವ್ಯಾಪಾರಗಳು ಒಂದೇ ಕಿಣ್ವದಲ್ಲಿ ಸಂಧಿಸುತ್ತವೆ. ಆದರೂ ಈ ಕಣವೊಂದರದೇ ಪಾಲು ಎಷ್ಟೆಂದು ವಿಂಗಡಿಸುವುದು ಕಷ್ಟ. ಉಳಿದ ಕಣಗಳ ದ್ರವ್ಯಗಳೂ ಜೊತೆಯಲ್ಲೇ ಸುರಿಯುತ್ತವಷ್ಟೆ.

 ಮಳೆಗಾಲದಲ್ಲಿ, ಕಿರುತಟ್ಟೆಗಳನ್ನು ಕುಗ್ಗಿಸುವ ಡೆಂಗಿ ಹಬ್ಬಿದಾಗ ರೋಗಿಯ ಬಂಧುಗಳು ಕೇಳುವುದು ಕಿರುತಟ್ಟೆಗಳ ಸಂಖ್ಯೆಯನ್ನು. ಉಳಿದ ಕಿರುತಟ್ಟೆಗಳು ತಮ್ಮ ಲೈಸೋಸೋಮನ್ನು ತೆರೆದಿವೆಯೇ ಎಂಬುದನ್ನು ಆ ಸಂಖ್ಯೆ ಹೇಳದು. ಅದಕ್ಕೆ, ಕಣವು ಬಿರಿದಾಗ ಕಿರುತಟ್ಟೆಯ ಹೊರಪೊರೆಯ ಮೇಲೆ ಕಾಣಿಸಿಕೊಳ್ಳುವ ಲ್ಯಾಂಪ್-1 ಪ್ರೋಟೀನನ್ನು ಫ್ಲೋ ಸೈಟೋಮೀಟರಿನಲ್ಲಿ ಗುರುತಿಸಬೇಕಾಗುತ್ತದೆ.