ಬ್ಯಾಂಜೊ ಕಟ್ಟಿದವರು ಯಾರು?

ಎರಡು ದಿನದಿಂದ ಬಿಯಾನ್ಸೆಯ 2024ರ ಆಲ್ಬಂ 'ಕೌಬಾಯ್ ಕಾರ್ಟರ್' ಕೇಳ್ತಾ ಇದೀನಿ, ಕಾಲು ತಾನಾಗೇ ತಾಳ ಹಾಕುತ್ತೆ. ಅಮೆರಿಕದ ಕಂಟ್ರಿ ಸಂಗೀತ ಅಂದ್ರೆ ಬಿಳಿಯರದ್ದು ಅಂತ ನಂಬಿಸಿಬಿಟ್ಟಿದ್ದಾರೆ. ಆದ್ರೆ ಅದರ ಬ್ಯಾಂಜೊ, ಆಫ್ರಿಕಾದಿಂದ ಎಳೆದು ತಂದ ಗುಲಾಮರು ಸೋರೆಬುರುಡೆಗೆ ಚರ್ಮ ಬಿಗಿದು ಕಟ್ಟಿಕೊಂಡ ವಾದ್ಯ.

ನ್ಯಾಶ್‌ವಿಲ್‌ನ 'ಗ್ರ್ಯಾಂಡ್ ಓಲ್ ಆಪ್ರಿ' ರೇಡಿಯೊ ಕಾರ್ಯಕ್ರಮದ ಮೊದಮೊದಲ ತಾರೆ ಡಿಫೋರ್ಡ್ ಬೈಲಿ, ಕಪ್ಪು ಜನಾಂಗದ ಹಾರ್ಮೋನಿಕಾ ವಾದಕ. 1941ರಲ್ಲಿ ಹೊರಗೆ ಹಾಕಿದ್ರು. ಬೂಟ್ ಪಾಲಿಶ್ ಅಂಗಡಿ ನಡೆಸಿ ಬದುಕಿದರು. 1969ರಲ್ಲಿ ಅದೇ ವೇದಿಕೆಯಲ್ಲಿ ಒಬ್ಬರೇ ನಿಂತು ಹಾಡಿದ ಮೊದಲ ಕಪ್ಪು ಮಹಿಳೆ ಲಿಂಡಾ ಮಾರ್ಟೆಲ್. ಕೆಲವೇ ವರ್ಷಕ್ಕೆ ಅವರೂ ಮರೆಯಾದರು. ಈ ಆಲ್ಬಂನಲ್ಲಿ ಅವರ ದನಿ ಇದೆ. ಕೇಳಿ ಕಣ್ಣು ತುಂಬಿತು.

ತಮಟೆ ಬೇಕು, ಬಡಿಯೋನು ಮಾತ್ರ ಗುಡಿ ಹೊರಗಿರಲಿ ಅನ್ನೋ ನ್ಯಾಯ ಕಂಡ ನಮಗೆ ಇದು ಹೊಸ ಕಥೆಯಲ್ಲ. ನೀವೂ ಕೇಳಿ. ಜೈ ಭೀಮ್.