ಜಿಂಕೆ ಬೇಟೆ, ಬೇಟೆ ಕ್ಲಬ್‌ಗಳು ಮತ್ತು ಬೆಳೆ ರಕ್ಷಣೆ ಕೋವಿ ಪರವಾನಗಿ: ಅರ್ಜಿದಾರರಿಗೆ ಮಾಹಿತಿ

ಎರ್ಮಾಳ್ ಸೇರಿದಂತೆ ಕಾಪು ಹಾಗೂ ಕಾರ್ಕಳ ತಾಲ್ಲೂಕುಗಳ ಕೃಷಿಕರು ಬೆಳೆ ರಕ್ಷಣೆಗಾಗಿ ಕೋವಿ ಪರವಾನಗಿ ಕೋರುವ ಮುನ್ನ ಅದರ ಮಿತಿಯನ್ನು ಅರಿತಿರಬೇಕೆಂಬ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ. ಕೋವಿ ಪರವಾನಗಿಯು ಬೇಟೆಯ ಪರವಾನಗಿಯಲ್ಲ.

1. ಹಿನ್ನೆಲೆ
ಬೇಟೆಗಾರರಿಂದ ಸಂರಕ್ಷಣೆಗೆ ನೆರವು ದೊರೆತ ನಿದರ್ಶನಗಳುಂಟು. ಅಮೆರಿಕದಲ್ಲಿ 1937ರ ಕಾಯ್ದೆಯಂತೆ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ಸುಂಕವನ್ನು ವನ್ಯಜೀವಿ ನಿರ್ವಹಣೆಗೆ ಒದಗಿಸಲಾಗುತ್ತಿದೆ. ದಕ್ಷಿಣ ಕನ್ನಡವು ಸೇರಿದ್ದ ಅಂದಿನ ಮದರಾಸು ಪ್ರಾಂತ್ಯದಲ್ಲಿಯೂ ನೀಲಗಿರಿಯ ಬೇಟೆಗಾರರು ಸಂಘ ಕಟ್ಟಿಕೊಂಡಿದ್ದರು. 1879ರ ಕಾಯ್ದೆಯು ಅಲ್ಲಿನ ಬೇಟೆ ಪ್ರಾಣಿಗಳಿಗೆ ರಕ್ಷಣೆ ನೀಡಿತು. ಆದರೆ ಆ ವ್ಯವಸ್ಥೆ ಇಂದು ನಮ್ಮಲ್ಲಿ ಊರ್ಜಿತದಲ್ಲಿಲ್ಲ.

2. ಪ್ರಸ್ತುತ ಕಾನೂನು
ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರಲ್ಲಿ ಮೊದಲಿಗೆ ಬೇಟೆ ಪರವಾನಗಿಗೆ ಅವಕಾಶವಿದ್ದು, 1991ರ ತಿದ್ದುಪಡಿಯಿಂದ ಅದನ್ನು ರದ್ದುಪಡಿಸಲಾಯಿತು. ಆದುದರಿಂದ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ ಮುಂತಾದವುಗಳ ಬೇಟೆಗೆ ಯಾವುದೇ ವ್ಯಕ್ತಿ ಅಥವಾ ಕ್ಲಬ್ ಪರವಾನಗಿ ಪಡೆಯಲಾಗದು. ಉರುಳು ಒಡ್ಡುವುದು, ವಿಷವಿಡುವುದು, ಸೋವುವುದು ಹಾಗೂ ಇವುಗಳ ಪ್ರಯತ್ನವೂ ಬೇಟೆಯೆಂದೇ ಪರಿಗಣಿತವಾಗುತ್ತದೆ.

3. ಕೋವಿ ಪರವಾನಗಿ
ಆಯುಧ ಅಧಿನಿಯಮ, 1959ರನ್ವಯ ಜಿಲ್ಲಾ ದಂಡಾಧಿಕಾರಿಯವರಿಗೆ ಅರ್ಜಿ ಸಲ್ಲಿಸತಕ್ಕದ್ದು. 2019ರ ತಿದ್ದುಪಡಿಯಂತೆ ಪರವಾನಗಿಯ ಅವಧಿ 5 ವರ್ಷ. ಕೊಡಗಿನಲ್ಲಿ ಅರ್ಹರಿಗೆ ಇರುವ ವಿನಾಯಿತಿಯು ಸಹ ಕೋವಿ ಹೊಂದುವುದಕ್ಕೆ ಮಾತ್ರ ಸೀಮಿತವಾಗಿದ್ದು, ಬೇಟೆಗೆ ಅನ್ವಯಿಸುವುದಿಲ್ಲ.

4. ಬೆಳೆ ಹಾನಿಯಾದಲ್ಲಿ
(ಅ) ಹಾನಿಯ ಛಾಯಾಚಿತ್ರ ತೆಗೆದಿರಿಸಿ, ಕೂಡಲೇ ಸಮೀಪದ ಅರಣ್ಯ ಇಲಾಖಾ ಕಚೇರಿಗೆ ತಿಳಿಸುವುದು.
(ಆ) ಸರ್ಕಾರಿ ಆದೇಶದಲ್ಲಿ ನಮೂದಿತವಾದ ವನ್ಯಪ್ರಾಣಿಗಳಿಂದಾದ ಹಾನಿಗೆ ಪರಿಹಾರ ಕೋರಿ ವಲಯ ಅರಣ್ಯಾಧಿಕಾರಿಯವರಿಗೆ ಅರ್ಜಿ ಸಲ್ಲಿಸುವುದು. ಪಹಣಿ ಹಾಗೂ ಬ್ಯಾಂಕ್ ಖಾತೆಯ ವಿವರಗಳನ್ನು ಸಿದ್ಧವಾಗಿರಿಸಿಕೊಳ್ಳುವುದು.
(ಇ) ಕಲಂ 11ರನ್ವಯ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕೃತರಾದ ಅಧಿಕಾರಿಯು ಕಾರಣಗಳನ್ನು ದಾಖಲಿಸಿ ಲಿಖಿತ ಆದೇಶ ನೀಡಿದಲ್ಲಿ ಮಾತ್ರ, ಬೆಳೆಗೆ ಅಪಾಯಕಾರಿಯಾದ ಅನುಸೂಚಿ 2ರ ಪ್ರಾಣಿಯನ್ನು ಕೊಲ್ಲಬಹುದು. ಅನುಸೂಚಿ 1ರ ಪ್ರಾಣಿಗಳಿಗೆ ಬೆಳೆ ಹಾನಿಯು ಕಾರಣವಾಗದು.
(ಈ) ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಪ್ರಾಣಿಯನ್ನು ಕೊಲ್ಲುವುದು ಅಪರಾಧವಲ್ಲವಾದರೂ, ಅದರ ಕಳೇಬರವು ಸರ್ಕಾರದ ಸ್ವತ್ತಾಗಿರುತ್ತದೆ.

5. ಶಿಕ್ಷೆ
2022ರ ತಿದ್ದುಪಡಿಯಂತೆ ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅನುಸೂಚಿ 1ರ ಪ್ರಾಣಿಯ ಬೇಟೆಗೆ, ಅಂತೆಯೇ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ವನ್ಯಧಾಮದಂತಹ ಪ್ರದೇಶಗಳೊಳಗಿನ ಬೇಟೆಗೆ 3ರಿಂದ 7 ವರ್ಷಗಳ ಸೆರೆವಾಸವುಂಟು. ದಂಡವು 25 ಸಾವಿರ ರೂಪಾಯಿಗಿಂತ ಕಡಿಮೆಯಿರುವುದಿಲ್ಲ.

6. ನಾಗರಿಕರ ಪಾತ್ರ
ಹೊರದೇಶಗಳಲ್ಲಿ ಬೇಟೆ ಕ್ಲಬ್‌ಗಳು ಸಲ್ಲಿಸುವ ಸಂರಕ್ಷಣಾ ಸೇವೆಯನ್ನು ನಮ್ಮ ನಾಗರಿಕರು ಕೋವಿಯಿಲ್ಲದೆಯೇ ಸಲ್ಲಿಸಬಹುದಾಗಿದೆ. ಉರುಳು ಅಥವಾ ಅಕ್ರಮ ಬೇಟೆ ಕಂಡುಬಂದಲ್ಲಿ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ತಿಳಿಸಲು ಕೋರಲಾಗಿದೆ.