ದೃಷ್ಟಿಪರೀಕ್ಷಕರ ಪರವಾನಿಗೆ ಮತ್ತು ದೇಶದ ಗಡಿ: ಒಂದು ಚಾರಿತ್ರಿಕ ವಿಚಾರ

ಫ್ರಾನ್ಸಿನ ನೇತ್ರವೈದ್ಯ ಫರ್ಡಿನೆಂಡ್ ಮೊನೊಯೆ 1872ರಲ್ಲಿ ಮಸೂರದ ಶಕ್ತಿಯನ್ನು ಅಳೆಯಲು ಡಯಾಪ್ಟರ್ ಎಂಬ ಮಾನವನ್ನು ಸೂಚಿಸಿದನು. ಕೆಲವು ದಶಕಗಳಲ್ಲಿ ಅದು ಎಲ್ಲೆಡೆಯೂ ರೂಢಿಗೆ ಬಂದಿತು. ಅಂದಿನಿಂದ ಪ್ಯಾರಿಸ್ಸಿನಲ್ಲಿ ಬರೆದ ಕನ್ನಡಕದ ಚೀಟಿಯನ್ನು ಸಿಡ್ನಿಯ ಅಂಗಡಿಯವನು ಓದಬಲ್ಲನು. ಮೈಸೂರಿನಲ್ಲಿ ತೇಯ್ದ ಗಾಜು ಟೊರಾಂಟೊವಿನ ಕಣ್ಣಿಗೂ ಒಪ್ಪುತ್ತದೆ. ಆದರೆ ಆ ಚೀಟಿಯನ್ನು ಬರೆದವನೇ ಗಡಿಯನ್ನು ದಾಟಿದರೆ ಅವನ ಯೋಗ್ಯತೆ ಅವನೊಡನೆ ದಾಟುವುದಿಲ್ಲ. ಅವನು ಹೊಸದಾಗಿ ಪರೀಕ್ಷೆಗೆ ಕೂಡಬೇಕು. ಕೆಲವೆಡೆ ಮರಳಿ ವಿದ್ಯಾರ್ಥಿಯೇ ಆಗಬೇಕು.

ಈ ವಿಷಯದತ್ತ ನಮ್ಮ ಗಮನ ತಿರುಗಿದುದು ಒಂದು ಅರ್ಜಿಯಿಂದ. 2021ಕ್ಕೆ ಕೆಲವು ವರ್ಷ ಮುಂಚೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ವಿದೇಶಕ್ಕೆ ಹೊರಟಿದ್ದ ತಮ್ಮ ತಂಗಿಯ ಕಾಗದಪತ್ರಗಳನ್ನು ತಂದು ತೋರಿಸಿದರು. ತಂಗಿ ಆಪ್ಟೊಮೆಟ್ರಿ ಪದವೀಧರೆ; ಅಂದರೆ ನೇತ್ರವೈದ್ಯೆಯಲ್ಲ, ಬರಿಯ ಕನ್ನಡಕದ ವ್ಯಾಪಾರಿಯೂ ಅಲ್ಲ, ದೃಷ್ಟಿಯನ್ನು ಪರೀಕ್ಷಿಸಿ ಮಸೂರವನ್ನು ನಿರ್ಣಯಿಸುವವಳು. ಆಕೆಯ ಹೆಸರು ಸ್ವದೇಶದ ವೃತ್ತಿಮಂಡಲಿಯ ಪಟ್ಟಿಯಲ್ಲಿದೆಯೆಂದೂ ಆಕೆಯ ಮೇಲೆ ಶಿಸ್ತುಕ್ರಮವಾವುದೂ ಇಲ್ಲವೆಂದೂ ಆ ಮಂಡಲಿಯಿಂದಲೇ ಪ್ರಮಾಣಪತ್ರ ತರಬೇಕೆಂದು ಒಂದು ಅಂಕಣವಿತ್ತು. ಅಲ್ಲಿ ಏನು ಬರೆಯಬೇಕೆಂಬುದು ಅವರಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ.

ದೇಶದೇಶಗಳ ಶಿಕ್ಷಣಮಟ್ಟ ಬೇರೆಬೇರೆಯಾಗಿರುವುದೇ ಇಂತಹ ಪರೀಕ್ಷೆಗಳಿಗೆ ಕಾರಣವೆಂದು ಸಾಮಾನ್ಯವಾಗಿ ಹೇಳುವರು. ಇದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಪರವಾನಿಗೆಯೆಂಬುದು ಆಯಾ ದೇಶದಲ್ಲಿ ದೃಷ್ಟಿಪರೀಕ್ಷಕರಿಗೂ ವೈದ್ಯರಿಗೂ ನಡೆದ ಎಲ್ಲೆಯ ವ್ಯಾಜ್ಯದಲ್ಲಿ ಬರೆದ ರಾಜಿಪತ್ರವೆಂದೂ, ಒಂದೆಡೆಯ ರಾಜಿ ಇನ್ನೊಂದೆಡೆ ಸಲ್ಲದೆಂದೂ ನಾವು ತಿಳಿಯುತ್ತೇವೆ.

ಇಂಗ್ಲೆಂಡಿನಲ್ಲಿ ಕನ್ನಡಕ ತಯಾರಕರ ಸಂಘಕ್ಕೆ ಒಂದನೆಯ ಚಾರ್ಲ್ಸ್ ದೊರೆಯಿಂದ 1629ರಲ್ಲಿ ಸನ್ನದು ದೊರಕಿತು. ನಮ್ಮ ಶಾಸನಗಳ ‘ಶ್ರೇಣಿ’ ಎಂಬ ಪದವನ್ನು ಈ ಸಂಘಕ್ಕೆ ಬಳಸಿದರೆ ತಪ್ಪಾಗಲಾರದು. ಅದರ ಚಿಂತೆಯೆಲ್ಲ ಸರಕಿನದು, ಕಣ್ಣಿನದಲ್ಲ. ದೃಷ್ಟಿಪರೀಕ್ಷಕರ ಜ್ಞಾನವನ್ನೇ ಅಳೆಯುವ ಪರೀಕ್ಷೆ ಆರಂಭವಾದುದು 1895ರಲ್ಲಿ ಬ್ರಿಟಿಷ್ ಆಪ್ಟಿಕಲ್ ಅಸೋಸಿಯೇಷನ್ ಸ್ಥಾಪಿತವಾದ ಬಳಿಕ. ಹಳೆಯ ಶ್ರೇಣಿಯೂ 1898ರಲ್ಲಿ ತನ್ನದೊಂದು ಪರೀಕ್ಷೆಯನ್ನು ತೊಡಗಿಸಿತು. ಅದಾಗ್ಯೂ ಇವು ಇಚ್ಛೆಯುಳ್ಳವರಿಗೆ ಮಾತ್ರ. ಶಾಸನಬದ್ಧವಾದ ನೋಂದಣಿ 1958ರ ಕಾಯ್ದೆಯಿಂದ, ಅಂದರೆ ಸನ್ನದು ದೊರೆತ ಮುನ್ನೂರಿಪ್ಪತ್ತೊಂಬತ್ತು ವರ್ಷಗಳ ಮೇಲೆ ಬಂದಿತು.

ಅಮೆರಿಕದಲ್ಲಿ ಎಲ್ಲೆಯ ವ್ಯಾಜ್ಯ ಹೆಚ್ಚು ಸ್ಫುಟವಾಗಿ ಕಾಣುತ್ತದೆ. ಚಾರ್ಲ್ಸ್ ಪ್ರೆಂಟಿಸ್ ಎಂಬಾತನು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಯಂತ್ರಶಾಸ್ತ್ರವನ್ನು ಓದಿ ನ್ಯೂಯಾರ್ಕಿನಲ್ಲಿ ಕನ್ನಡಕದ ಉದ್ಯೋಗ ನಡೆಸುತ್ತಿದ್ದನು. ಮಸೂರದ ಗಣಿತದಲ್ಲಿ ಅವನ ಹೆಸರಿನ ಸೂತ್ರವೊಂದು ಇಂದಿಗೂ ಪಠ್ಯಗಳಲ್ಲಿದೆ. 1892ರಲ್ಲಿ ಅವನು ತನ್ನಲ್ಲಿಗೆ ಬಂದವರೊಬ್ಬರ ಕಣ್ಣಿನಲ್ಲಿ ರೋಗವನ್ನು ಶಂಕಿಸಿ, ಹೆನ್ರಿ ನೋಯ್ಸ್ ಎಂಬ ಪ್ರಸಿದ್ಧ ನೇತ್ರವೈದ್ಯನಲ್ಲಿಗೆ ಪತ್ರಸಮೇತ ಕಳುಹಿಸಿದನು. ಮಾಡಿದುದು ಯೋಗ್ಯವಾದ ಕಾರ್ಯವೇ. ಆದರೆ ಪರೀಕ್ಷೆಗಾಗಿ ಅವನು ಮೂರು ಡಾಲರು ತೆಗೆದುಕೊಂಡಿದ್ದನೆಂಬುದು ವೈದ್ಯನ ಆಕ್ಷೇಪಕ್ಕೆ ಗುರಿಯಾಯಿತು. ಕನ್ನಡಕವನ್ನು ಮಾರಿ ಲಾಭ ಪಡೆಯಲಿ, ಸಲಹೆಗೆ ಶುಲ್ಕ ಪಡೆಯುವ ಹಕ್ಕು ವೈದ್ಯನದು ಎಂಬುದು ಆಕ್ಷೇಪದ ತಿರುಳು. ಮೂರು ಡಾಲರಿನ ತಕರಾರು ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು; ನಮಗೆ ಹಾಗೆ ತೋರುವುದಿಲ್ಲ. ಬೆಲೆ ಗಾಜಿಗೋ ವಿದ್ಯೆಗೋ ಎಂಬ ಪ್ರಶ್ನೆಯಲ್ಲಿಯೇ ಒಂದು ಕಸಬು ವೃತ್ತಿಯಾಗುವ ಕಥೆಯಡಗಿದೆ.

ಪ್ರೆಂಟಿಸನೂ ಅವನ ಸಂಗಡಿಗರೂ ಶಾಸನಸಭೆಯ ಮೊರೆಹೊಕ್ಕರು. ವೈದ್ಯರ ವಿರೋಧದಿಂದ ನ್ಯೂಯಾರ್ಕಿನಲ್ಲಿ ಕಾನೂನು 1908ರವರೆಗೆ ಕೈಗೂಡಲಿಲ್ಲ. ಅಷ್ಟರಲ್ಲಿ ಮಿನ್ನೆಸೋಟ ಸಂಸ್ಥಾನ 1901ರಲ್ಲಿಯೇ ಮೊದಲ ಕಾನೂನನ್ನು ಮಾಡಿತ್ತು. ಕಡೆಯದು 1924ರಲ್ಲಿ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಆಯಿತು. ಹೀಗೆ ಸಂಸ್ಥಾನಕ್ಕೊಂದು ಕಾನೂನು, ಕಾನೂನಿಗೊಂದು ಮಂಡಲಿಯಾಗಿ, ಒಂದೇ ದೇಶದೊಳಗೆ ಊರು ಬದಲಿಸುವುದೂ ದುಸ್ತರವಾಯಿತು. ಸಮಾನ ಪರೀಕ್ಷೆಯನ್ನು ನಡೆಸಲು 1951ರಲ್ಲಿ ರಾಷ್ಟ್ರೀಯ ಮಂಡಲಿಯೊಂದು ಹುಟ್ಟಿತಾದರೂ ಪರವಾನಿಗೆಯನ್ನು ಕೊಡುವ ಅಧಿಕಾರ ಸಂಸ್ಥಾನಗಳಲ್ಲಿಯೇ ಉಳಿಯಿತು. ರಾಜಿಯ ಎಲ್ಲೆಯಾದರೂ ಸ್ಥಿರವಾಗಿ ನಿಲ್ಲಲಿಲ್ಲ: ಪರೀಕ್ಷೆಗಾಗಿ ಕಣ್ಣಿಗೆ ಔಷಧ ಹಾಕಲು 1971ರಲ್ಲಿ ರೋಡ್ ಐಲೆಂಡೂ, ಚಿಕಿತ್ಸೆಗಾಗಿ ಔಷಧ ಬಳಸಲು 1976ರಲ್ಲಿ ವೆಸ್ಟ್ ವರ್ಜೀನಿಯವೂ ಅನುಮತಿಯಿತ್ತವು. ಅಂದಮೇಲೆ ಒಂದೆಡೆ ಕರ್ತವ್ಯವಾದುದು ಇನ್ನೊಂದೆಡೆ ಅಪರಾಧವಾಗಬಹುದಷ್ಟೆ.

ಇದಕ್ಕೆ ಐರೋಪ್ಯ ನ್ಯಾಯಾಲಯದ 2001ರ ತೀರ್ಪೊಂದು ಒಳ್ಳೆಯ ನಿದರ್ಶನ. ಬ್ರಿಟಿಷ್ ಮೂಲದ ಕನ್ನಡಕ ಸಂಸ್ಥೆಯೊಂದು ಬೆಲ್ಜಿಯಂನಲ್ಲಿ ಅಂಗಡಿಗಳನ್ನು ತೆರೆದು, ಬ್ರಿಟನ್ನಿನಲ್ಲಿ ದೃಷ್ಟಿಪರೀಕ್ಷಕರು ನಿತ್ಯವೂ ಮಾಡುವ ಕೆಲವು ಉಪಕರಣ ಪರೀಕ್ಷೆಗಳನ್ನು ಅಲ್ಲಿಯೂ ನಡೆಸಿತು. ಅವು ವೈದ್ಯರಿಗೆ ಮೀಸಲೆಂದು ಬೆಲ್ಜಿಯಂ ಮೊಕದ್ದಮೆ ಹೂಡಿತು. ಜನಾರೋಗ್ಯರಕ್ಷಣೆಗಾಗಿ ಅಂತಹ ನಿಷೇಧ ಸಲ್ಲಬಹುದೆಂದೂ, ಒಂದು ರಾಷ್ಟ್ರದ ನಿಯಮ ಸಡಿಲವಾಗಿರುವ ಮಾತ್ರಕ್ಕೆ ಇನ್ನೊಂದರ ಬಿಗಿಯಾದ ನಿಯಮ ಅನ್ಯಾಯವಾಗದೆಂದೂ ನ್ಯಾಯಾಲಯ ಹೇಳಿತು. ಸರಕಿಗೂ ಹಣಕ್ಕೂ ಸುಂಕದ ಕಟ್ಟೆಯಿಲ್ಲದ ಒಕ್ಕೂಟದಲ್ಲಿಯೂ ವಿದ್ಯೆಗೆ ಕಟ್ಟೆ ಉಳಿಯಿತು. ಜರ್ಮನಿಯಲ್ಲಂತೂ ಇದು ಇಂದಿಗೂ ಕುಶಲಕರ್ಮಗಳ ಸಾಲಿನಲ್ಲಿದ್ದು, ಅದರ ಉನ್ನತ ಪರೀಕ್ಷೆ ‘ಮೈಸ್ಟರ್’ ಎಂಬ ಒಡೆಯ ಕುಶಲಿಯ ಪರೀಕ್ಷೆ. ಕಣ್ಣನ್ನು ಮುಟ್ಟದೆ ಅದರ ಒಳಒತ್ತಡವನ್ನು ಅಳೆಯುವ ಹಕ್ಕಿಗಾಗಿ ಅವರು ಅಲ್ಲಿನ ಸಂವಿಧಾನ ನ್ಯಾಯಾಲಯದವರೆಗೂ ಹೋಗಿ 2000ದಲ್ಲಿ ಗೆದ್ದರು.

ಎಲ್ಲೆಗಳನ್ನು ಬುದ್ಧಿಪೂರ್ವಕವಾಗಿ ಸರಿಸಿದವರೆಂದರೆ ಆಸ್ಟ್ರೇಲಿಯದವರು. ಟಾಸ್ಮೇನಿಯ 1913ರಲ್ಲಿ ಕಾನೂನು ಮಾಡಿದಂದಿನಿಂದ ಅಲ್ಲಿಯೂ ಸಂಸ್ಥಾನಕ್ಕೊಂದು ಮಂಡಲಿಯಿತ್ತು. 1992ರ ಪರಸ್ಪರ ಮಾನ್ಯತೆಯ ಕಾನೂನು, 1998ರಲ್ಲಿ ಜಾರಿಗೆ ಬಂದ ನ್ಯೂಜಿಲೆಂಡಿನೊಡನೆಯ ಒಪ್ಪಂದ, 2010ರ ರಾಷ್ಟ್ರೀಯ ನೋಂದಣಿ, ಇವುಗಳಿಂದ ಒಳಗಿನ ಗೋಡೆಗಳು ಬಿದ್ದವು. ಹೊರಗಿನ ಗೋಡೆ ಬೀಳಲಿಲ್ಲ. ಹೊರನಾಡಿನವರಿಗೆ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ ಇದ್ದೇ ಇತ್ತು. 2014ರ ಡಿಸೆಂಬರಿನಿಂದ ಹೊಸದಾಗಿ ನೋಂದಣಿ ಬಯಸುವವರು ಔಷಧಚಿಕಿತ್ಸೆಯ ತರಬೇತಿಯನ್ನೂ ಹೊಂದಿರಬೇಕೆಂದು ವಿಧಿಸಲಾಯಿತು. ಔಷಧ ಬರೆಯುವ ಹಕ್ಕೇ ಇಲ್ಲದ ನಾಡಿನಲ್ಲಿ ಇಪ್ಪತ್ತು ವರ್ಷ ದುಡಿದವನು ಇದನ್ನು ಎಲ್ಲಿಂದ ತಂದಾನು?

ಈಗ ಆ ಅರ್ಜಿಯ ಅಂಕಣಕ್ಕೆ ಮರಳೋಣ. 1930ರಲ್ಲಿ ಬ್ರಿಟನ್ನಿನ ವೈದ್ಯಕೀಯ ಮಂಡಲಿಯು ಭಾರತದ ವೈದ್ಯಪದವಿಗಳ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಅದರಿಂದೆದ್ದ ಅಸಮಾಧಾನದ ನಡುವೆ 1933ರ ಕಾಯ್ದೆಯಿಂದ ಭಾರತೀಯ ವೈದ್ಯಕೀಯ ಮಂಡಲಿ ರೂಪುಗೊಂಡಿತು. ಹೊರಗಿನವರು ಬಾಗಿಲು ಮುಚ್ಚಿದಾಗ ವೈದ್ಯರಿಗೆ ಸ್ವದೇಶದಲ್ಲೊಂದು ಮನೆ ದೊರೆಯಿತೆನ್ನಬಹುದು. ದೃಷ್ಟಿಪರೀಕ್ಷಕರಿಗೆ ಆ ಭಾಗ್ಯವಿರಲಿಲ್ಲ. ಚೆನ್ನೈನ ಎಲೀಟ್ ಸ್ಕೂಲ್ ಆಫ್ ಆಪ್ಟೊಮೆಟ್ರಿ 1985ರಲ್ಲಿ ನಾಲ್ಕು ವರ್ಷಗಳ ಪದವಿ ಶಿಕ್ಷಣವನ್ನು ಆರಂಭಿಸಿತು. ತರುವಾಯ ಕರ್ನಾಟಕವೂ ಸೇರಿ ಹಲವೆಡೆ ಅಂತಹ ಶಿಕ್ಷಣ ಬಂದಿತು. ವಿದ್ಯೆಯಿತ್ತು, ಪದವಿಯಿತ್ತು, ಹೆಸರನ್ನು ಬರೆದುಕೊಳ್ಳುವ ಶಾಸನಬದ್ಧ ಪುಸ್ತಕ ಮಾತ್ರ ಇರಲಿಲ್ಲ. ಇಲ್ಲಿ ಇವರನ್ನು ತಡೆಯುವ ಕಾನೂನೂ ಇರಲಿಲ್ಲ, ಕಾಯುವ ಕಾನೂನೂ ಇರಲಿಲ್ಲ. ಇಲ್ಲದ ಮಂಡಲಿಯಿಂದ ಪ್ರಮಾಣಪತ್ರ ತರುವುದು ಹೇಗೆ?

ಆ ತರುಣಿ ಕಡೆಗೆ ತಾನು ಓದಿದ ಕಾಲೇಜಿನ ಪ್ರಾಂಶುಪಾಲರಿಂದ ಪತ್ರವೊಂದನ್ನು ಬರೆಯಿಸಿ ಲಗತ್ತಿಸಿದಳು. ಪರಾಮರ್ಶೆ ಬಹುಕಾಲ ಹಿಡಿಯಿತು. ಸಂಲಗ್ನ ಆರೋಗ್ಯವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಭಾರತದ ಸಂಸತ್ತು 2021ರ ಮಾರ್ಚಿಯಲ್ಲಿ ಅಂಗೀಕರಿಸಿತು. ಆಪ್ಟೊಮೆಟ್ರಿಸ್ಟ್ ಎಂಬ ಹೆಸರು ಅದರ ಅನುಸೂಚಿಯಲ್ಲಿ ಸೇರಿದೆ. ರಾಜ್ಯಕ್ಕೊಂದು ಮಂಡಲಿಯನ್ನೂ ನೋಂದಣಿ ಪುಸ್ತಕವನ್ನೂ ಅದು ವಿಧಿಸಿದೆ.